ಮೂರು ಪಿನ್ನಿನ ಕಡಲು

ಉಪ್ಪುನೀರಿನ ಅಕ್ವೇರಿಯಂ ಇಡುವವರಲ್ಲಿ ಎರಡು ಪಂಗಡ. ಮೀನು ಸಾಕುವವರು, ನೀರು ಸಾಕುವವರು. ಮೀನು ಸಾಕುವವರು ಸಂಜೆಯಾದರೆ ಕುರ್ಚಿ ಎಳೆದುಕೊಂಡು ಕೂತು ಕಣ್ಣು ತಂಪು ಮಾಡಿಕೊಳ್ಳುತ್ತಾರೆ. ನೀರು ಸಾಕುವವರಿಗೆ ಆ ಯೋಗವಿಲ್ಲ. ಅವರ ತೋಳು ಸದಾ ತೊಟ್ಟಿಯೊಳಗೆ. ಪಂಪಿನ ಮೂತಿಯನ್ನು ಒಂದು ಕೂದಲೆಳೆ ಎಡಕ್ಕೆ ತಿರುಗಿಸುತ್ತಾರೆ, ಹಿಂದೆ ಸರಿದು ನೋಡುತ್ತಾರೆ, ತಲೆಯಾಡಿಸುತ್ತಾರೆ, ಮತ್ತೆ ಬಲಕ್ಕೆ ತಿರುಗಿಸುತ್ತಾರೆ. ನಾನು ಎರಡನೇ ಪಂಗಡದವನು. ನನ್ನ ಬಲಗೈ ಅಂಗಿಯ ತೋಳುಗಳೆಲ್ಲ ಉಪ್ಪುಗಟ್ಟಿ ಇಸ್ತ್ರಿ ಇಲ್ಲದೆಯೇ ಗರಿಗರಿಯಾಗಿವೆ.

ನಮ್ಮದು ಬೆಂಗಳೂರಿನ ಎರಡನೇ ಮಹಡಿಯ ಫ್ಲ್ಯಾಟು. ಊರೇ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಅದರ ಮೇಲೆ ನಮ್ಮ ಎರಡು ಮಹಡಿ. ಅಲ್ಲಿ ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರದ ಗಾಜಿನ ತೊಟ್ಟಿ. ಹಿಡಿಯುವುದು ಸುಮಾರು 250 ಲೀಟರ್. ಲೀಟರಿಗೆ 35 ಗ್ರಾಂ ಲೆಕ್ಕದಲ್ಲಿ ಅಂಗಡಿಯ ಕಡಲುಪ್ಪು ಸುರಿದರೆ ಹತ್ತಿರಹತ್ತಿರ ಒಂಬತ್ತು ಕೆಜಿ ಆಗುತ್ತದೆ. ಉಪ್ಪು ಕರಗಿಸುವುದೇನೂ ದೊಡ್ಡ ವಿದ್ಯೆಯಲ್ಲ. ಆ ನೀರಿಗೆ ತಾನು ಕಡಲು ಅನ್ನುವ ಭ್ರಮೆ ಹುಟ್ಟಿಸುವುದಿದೆಯಲ್ಲ, ಅಲ್ಲಿ ಪ್ರಾಣ ಹೋಗುತ್ತದೆ.

ಈ ಭ್ರಮೆ ಬೇಕಾದದ್ದು ಮೀನಿಗಲ್ಲ, ಹವಳಕ್ಕೆ. ಕಲ್ಲುಹವಳ ನಮ್ಮಲ್ಲಿಲ್ಲ, 1972ರ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಅದು ಹುಲಿಯ ಸಾಲಿನಲ್ಲೇ ಇದೆ, ಹುಲಿ ಸಾಕುವ ಧೈರ್ಯ ನನಗಿಲ್ಲ. ಇರುವುದು ಮೆದುಹವಳಗಳು. ಹವಳ ಎದ್ದು ಓಡಾಡುವ ಪ್ರಾಣಿಯಲ್ಲ. ಮದುವೆಮನೆಯ ಪಂಕ್ತಿಯಲ್ಲಿ ಕೂತ ಹಿರಿಯ ಬೀಗರ ಹಾಗೆ ಅದು ಕೂತಲ್ಲಿಗೇ ಬಡಿಸಬೇಕು, ಎಲೆಯನ್ನೂ ನಾವೇ ಎತ್ತಬೇಕು. ಊಟ, ಆಮ್ಲಜನಕ ತಂದುಕೊಡುವುದೂ ಮೈಮೇಲಿನ ಲೋಳೆ, ಕಸ ತೊಳೆದು ಒಯ್ಯುವುದೂ ಹರಿವ ನೀರಿನದೇ ಕೆಲಸ. ಹರಿವು ಕಡಿಮೆಯಾದರೆ ಮುದುಡುತ್ತದೆ, ಹೆಚ್ಚಾದರೂ ಮುದುಡುತ್ತದೆ. ಏನು ಬೇಕು ಅಂತ ಬಾಯಿಬಿಟ್ಟು ಹೇಳುವುದಿಲ್ಲ.

ಮೆದುಹವಳಕ್ಕೆ ತೊಟ್ಟಿಯ ನೀರು ಗಂಟೆಗೆ ಹತ್ತರಿಂದ ಇಪ್ಪತ್ತು ಸಲ ಸುತ್ತಬೇಕು ಎನ್ನುವುದು ರೂಢಿಯ ಲೆಕ್ಕ. ಇಪ್ಪತ್ತು ಸಲ ಅಂದರೆ ಗಂಟೆಗೆ 5,000 ಲೀಟರ್. ಇದನ್ನು ನಾನು ಲಿಫ್ಟಿನಲ್ಲಿ ಯಾರಿಗೋ ಹೆಮ್ಮೆಯಿಂದ ಹೇಳಿದ್ದು ಅಪಾರ್ಟ್‌ಮೆಂಟಿನ ಸೆಕ್ರೆಟರಿಯವರ ಕಿವಿಗೆ ಬಿತ್ತು. ಬೇಸಿಗೆ, ಬೋರ್‌ವೆಲ್ ಕೈಕೊಟ್ಟು ಟ್ಯಾಂಕರಿಗೆ ಕಾಯುತ್ತಿದ್ದ ಕಾಲ. ಅವರು ಸಂಜೆಯೇ ಬಂದರು.

"ಸಾರ್, ನಿಮ್ಮನೇಲಿ ಗಂಟೆಗೆ ಐದು ಸಾವಿರ ಲೀಟರ್ ಎತ್ತೋ ಪಂಪ್ ಇದೆಯಂತೆ?"

"ಎತ್ತಲ್ಲ ಸಾರ್, ತಿರುಗಿಸುತ್ತೆ. ಅದೇ ನೀರು."

"ತಿರುಗಿ ಎಲ್ಲಿಗೆ ಹೋಗುತ್ತೆ?"

"ಎಲ್ಲಿಗೂ ಹೋಗಲ್ಲ."

ಅವರು ತೊಟ್ಟಿಯ ಹಿಂದೆ ಬಗ್ಗಿ ನೋಡಿದರು, ಕೆಳಗಿನ ಸಂಪಿನ ಬಾಗಿಲು ತೆಗೆಸಿ ನೋಡಿದರು. "ಎಲ್ಲಿಗೂ ಹೋಗದ ನೀರಿಗೆ ಪಂಪ್ ಯಾಕೆ ಸಾರ್?" ಅಂದರು. ಉತ್ತರ ಕೊಡುವಷ್ಟು ತತ್ತ್ವಶಾಸ್ತ್ರ ನನಗೆ ಬರುವುದಿಲ್ಲ. ನಾನೆಲ್ಲೋ ಗುಟ್ಟಾಗಿ ಲೈನ್ ಎಳೆದಿದ್ದೇನೆ ಎಂಬ ಗುಮಾನಿ ಅವರಿಗೆ ಇವತ್ತಿಗೂ ಹೋಗಿಲ್ಲ.

ಪಂಪು ಅಂದರೆ ಎಲ್ಲ ಒಂದೇ ಅಲ್ಲ. ಕೆಳಗಿನ ಸಂಪಿನಿಂದ ನೀರನ್ನು ಮೇಲಕ್ಕೆ ತಳ್ಳುವ ರಿಟರ್ನ್ ಪಂಪು ಬೇರೆ, ತೊಟ್ಟಿಯೊಳಗೇ ಗಾಜಿಗೆ ಅಂಟಿಕೊಂಡು ಅಲೆ ಎಬ್ಬಿಸುವ ವೇವ್‌ಮೇಕರ್ ಬೇರೆ. ಮೊದಲನೆಯದು ಸಣ್ಣ ಬಾಯಿಂದ ರಭಸವಾಗಿ ಉಗಿಯುತ್ತದೆ; ಎದುರಿಗೆ ಹವಳವಿಟ್ಟರೆ ಅದರ ಮೈಯೇ ಕಿತ್ತುಬರುತ್ತದೆ. ಎರಡನೆಯದರಲ್ಲಿ ಫ್ಯಾನಿನಂಥ ರೆಕ್ಕೆಯಿದ್ದು ಅಗಲವಾಗಿ, ಮೆತ್ತಗೆ ದೂಡುತ್ತದೆ. ಎಷ್ಟು ಅಗಲವಾದರೂ ಕಲ್ಲಿನ ಹಿಂದೆ ಎಲ್ಲೋ ಒಂದು ಮೂಲೆ ನೀರಾಡದೆ ಉಳಿದೇ ಉಳಿಯುತ್ತದೆ. ಆ ಮೂಲೆ ಹುಡುಕಲು ಮೀನಿನ ಆಹಾರದ ಒಂದು ಚಿಟಿಕೆ ಉದುರಿಸಿ ಟಾರ್ಚ್ ಹಿಡಿದು ಕೂರಬೇಕು. ಕೆಂಪು ಚೂರೊಂದು ಎಡಪಂಪಿನ ಮುಂದಿನಿಂದ ಹಾರಿ, ಗಾಜಿಗೆ ಬಡಿದು, ಕಲ್ಲಿನ ನೆತ್ತಿ ಸವರಿ, ಹಿಂದಕ್ಕಿಳಿದು, ಅಲ್ಲೊಂದು ಸುಳಿಯಲ್ಲಿ ತಿರುಗಿ ತಿರುಗಿ ಮೆಲ್ಲಗೆ ಮರಳಿಗೆ ಕೂತಿತೋ, ಅದೇ ಜಾಗ. ಹಾಗೇ ಬಿಟ್ಟರೆ ಅಲ್ಲಿ ಕೆಂಗಂದು ಲೋಳೆ ಚಾಪೆ ಹಾಸಿಕೊಳ್ಳುತ್ತದೆ.

ಈ ವೇವ್‌ಮೇಕರ್ ಜೊತೆ ಒಂದು ಕಂಟ್ರೋಲರ್ ಡಬ್ಬಿ ಬರುತ್ತದೆ. ಅದರಲ್ಲಿ ನನಗೆ ಅತ್ಯಂತ ಪ್ರಿಯವಾದ ಗುಂಡಿ 'ರ್‍ಯಾಂಡಮ್'. ಅಂದರೆ ಯಾವಾಗ ಜೋರು, ಯಾವಾಗ ಮೆಲ್ಲಗೆ ಅನ್ನುವುದು ಪಂಪಿನ ಇಷ್ಟ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಪುಕ್ಕಟೆ ಸಿಗುವ ಅಸ್ತವ್ಯಸ್ತತೆಗೆ ಮನೆಯೊಳಗೆ ಸಾವಿರಾರು ರೂಪಾಯಿ! ಇನ್ನೊಂದು ಗುಂಡಿ 'ಪಲ್ಸ್'. ನಮ್ಮಷ್ಟು ಉದ್ದದ ತೊಟ್ಟಿಯ ನೀರು ಈ ಕಡೆಯಿಂದ ಆ ಕಡೆಗೆ ತೂಗಿ ಮರಳಲು ಒಂದು ಸೆಕೆಂಡಿಗೆ ತುಸು ಹೆಚ್ಚು ಬೇಕು. ಪಂಪಿನ ಮಿಡಿತ ಸರಿಯಾಗಿ ಆ ತಾಳಕ್ಕೆ ಕೂತಿತೋ, ಉಯ್ಯಾಲೆಗೆ ಸರಿಸಮಯಕ್ಕೆ ಕೈಕೊಟ್ಟಂತಾಗಿ ನೀರು ಏರುತ್ತಾ ಏರುತ್ತಾ ಅಂಚು ದಾಟುತ್ತದೆ. ನೋಡಲು ಬಹಳ ಚೆಂದ. "ರೀ, ಉಬ್ಬರ ಬಂತು, ಸೋಫಾ ಎತ್ರಿ" ಅಂತ ಹೆಂಡತಿ ಅಡುಗೆಮನೆಯಿಂದ ನೆಲ ಒರೆಸುವ ಬಟ್ಟೆ ಎಸೆಯುತ್ತಾಳೆ. ಗುರಿ ತಪ್ಪಿದ್ದೇ ಇಲ್ಲ.

ಅಮ್ಮ ಮರವಂತೆಯಿಂದ ಬಂದಾಗ ಈ ಡಬ್ಬಿಯ ಪ್ರತಿಷ್ಠೆ ಇಳಿಯಿತು. ಮರವಂತೆ ನೋಡಿದವರಿಗೆ ಗೊತ್ತು: ಹೆದ್ದಾರಿಯ ಒಂದು ಮಗ್ಗುಲಿಗೆ ಅರಬ್ಬೀ ಸಮುದ್ರ, ಇನ್ನೊಂದು ಮಗ್ಗುಲಿಗೆ ಸೌಪರ್ಣಿಕಾ. ಅಮ್ಮ ತೊಟ್ಟಿಯನ್ನೂ ಪ್ಲಗ್ಗನ್ನೂ ನೋಡಿ, "ಅಲೆ ಬಪ್ಪುಕೂ ಕರೆಂಟ್ ಬೇಕಾ ಮಗಾ?" ಅಂದರು. ಆಗ ಎರಡು ಪಂಪುಗಳೂ ಒಂದೇ ಗೋಡೆಯಲ್ಲಿದ್ದವು. ಅಣಬೆಯಂಥ ಲೆದರ್ ಹವಳ ಎಳೆಗಳನ್ನೆಲ್ಲ ಒಳಗೆಳೆದುಕೊಂಡು, ಮೈಮೇಲೆ ಮೇಣದ ಹಾಗೆ ಪೊರೆಗಟ್ಟಿ ಮುಖ ಊದಿಸಿ ಕೂತಿತ್ತು. ಅಮ್ಮ ಸ್ವಲ್ಪ ಹೊತ್ತು ನೋಡಿದರು. "ಒಂದೇ ಬದಿಗ್ ಹೋಪ್ದ್ ಹೊಳಿ. ಹೋಪ್ದ್ ಬಪ್ದ್ ಕಡ್ಲ್" ಅಂದು ಟಿವಿ ಹಾಕಿಕೊಂಡರು.

ನಾನು ಒಂದು ಪಂಪನ್ನು ಎದುರುಗೋಡೆಗೆ ಸರಿಸಿ, ಇದು ನಿಂತಾಗ ಅದು, ಅದು ನಿಂತಾಗ ಇದು ಎಂದು ಸರದಿ ಹಾಕಿದೆ. ಕೆಲವು ದಿನಕ್ಕೆ ಲೆದರ್ ಪೊರೆ ಕಳಚಿ ಎಳೆಗಳನ್ನೆಲ್ಲ ಚಾಚಿತು. ಲೆದರ್ ಆಗಾಗ ಹೀಗೆ ಪೊರೆ ಬಿಡುವುದು ಅದರ ಹುಟ್ಟುಗುಣ, ನೀರಿನಾಟ ಅದಕ್ಕೆ ಒತ್ತಾಸೆ ಅಷ್ಟೆ ಅಂತ ನಾನು ವಿವರಿಸಲು ಹೋದೆ. ಅಷ್ಟರಲ್ಲಿ ಅಮ್ಮ ಊರಿಗೆಲ್ಲ ಫೋನ್ ಮಾಡಿ ಆಗಿತ್ತು.

ಈಗ ಕೆಲಸ ಹಗುರ. ಪಂಪಿನ ಮೇಲೆ ನೇರಳೆ ಬಣ್ಣದ ಸುಣ್ಣದ ಪಾಚಿ ಕಟ್ಟಿದಾಗ ಬಿಚ್ಚಿ ವಿನೆಗರ್ ಬೆರೆಸಿದ ನೀರಿನಲ್ಲಿ ನೆನೆಹಾಕುತ್ತೇನೆ. ಗೋಬಿ ಮಂಚೂರಿಗೆ ತಂದ ಬಾಟ್ಲಿ ಎಲ್ಲಿ ಹೋಯಿತೆಂದು ಮನೆಯಲ್ಲಿ ಯಾರೂ ಕೇಳುವುದಿಲ್ಲ.

ತೊಟ್ಟಿ ಇಡುವ ಆಲೋಚನೆಯಿದ್ದರೆ ದೊಡ್ಡ ಪಂಪು ಒಂದರ ಬದಲು ಸಣ್ಣವು ಎರಡು ಕೊಳ್ಳಿ. ಕರೆಂಟು ಹೋದಾಗ ಮೇಲಿನ ನೀರೆಲ್ಲ ರಿಟರ್ನ್ ಪೈಪಿನಲ್ಲಿ ವಾಪಸು ಹರಿದು ಸಂಪು ಉಕ್ಕದಂತೆ, ಪೈಪಿಗೆ ನೀರಿನ ಮಟ್ಟದ ಹತ್ತಿರ ಒಂದು ಸಣ್ಣ ತೂತು ಕೊರೆಸಿ, ಅದು ಕಟ್ಟಿಕೊಳ್ಳದ ಹಾಗೆ ನೋಡಿಕೊಳ್ಳಿ. ಬೆಳಕಿಲ್ಲದೆ ಹವಳ ಒಂದು ದಿನ ತಡೆದುಕೊಳ್ಳುತ್ತದೆ. ನೀರಾಡದಿದ್ದರೆ ಗಂಟೆಗಳಲ್ಲೇ ಉಸಿರು ಕಟ್ಟುತ್ತದೆ. ಆದ್ದರಿಂದ ಯುಪಿಎಸ್‌ನಲ್ಲಿ ಉಳಿದಿರುವ ಒಂದೇ ಪಾಯಿಂಟು ವೈಫೈಗಲ್ಲ, ಪಂಪಿಗೆ. ಈ ಮಾತನ್ನು ತೊಟ್ಟಿ ತರುವ ಮುಂಚೆಯೇ ಮನೆಯವರ ಹತ್ತಿರ ಒಪ್ಪಿಸಿಕೊಳ್ಳಿ. ತಂದ ಮೇಲೆ ಯಾರೂ ಒಪ್ಪುವುದಿಲ್ಲ.