ಸದ್ದು ನಮ್ಮದು, ಹೊಣೆ ಗಣಪನದು

ಮುಂಬೈನ ಕಿಂಗ್ಸ್ ಸರ್ಕಲ್‌ನಲ್ಲಿ ಜಿಎಸ್‌ಬಿ ಸೇವಾ ಮಂಡಳದವರು ಗಣಪನನ್ನು ಕೂರಿಸುತ್ತಾರೆ. 2025ರಲ್ಲಿ ಆ ಉತ್ಸವಕ್ಕೆ ಮಾಡಿಸಿದ ವಿಮೆ 474.46 ಕೋಟಿ ರೂಪಾಯಿ. ದೇವರ ಮೈಮೇಲಿನ ಚಿನ್ನ ಬೆಳ್ಳಿಗಷ್ಟೇ ಅಲ್ಲ, ಅರ್ಚಕರು, ಅಡುಗೆಯವರು, ಚಪ್ಪಲಿ ಕಾಯುವವರಿಗೂ ಅದರಲ್ಲಿ ಪಾಲುಂಟು. ಬಂದ ಭಕ್ತರಿಗೆ ಹೆಚ್ಚುಕಮ್ಮಿಯಾದರೆ ಇರಲೆಂದು 30 ಕೋಟಿಯ ಸಾರ್ವಜನಿಕ ಹೊಣೆಗಾರಿಕೆ ವಿಮೆಯೂ ಅದರಲ್ಲೇ ಸೇರಿದೆ. ಲೆಕ್ಕ ಬಲ್ಲ ಜನ. ಎದುರಿಗೆ ವಿಘ್ನನಿವಾರಕನೇ ಕೂತಿದ್ದರೂ ಪಾಲಿಸಿ ಮಾಡಿಸುವುದನ್ನು ಮರೆಯಲಿಲ್ಲ.

ನಮ್ಮೂರುಗಳಲ್ಲಿ ಭಕ್ತಿ ಇನ್ನೂ ಕೆಟ್ಟಿಲ್ಲ. ಟ್ರ್ಯಾಕ್ಟರ್ ಟ್ರೇಲರ್ ಮೇಲೆ ಎರಡಾಳೆತ್ತರ ಬೇಸ್ ಪೆಟ್ಟಿಗೆ ಪೇರಿಸುತ್ತೇವೆ, ಅದರ ಮೇಲೆ ಟಾಪ್, ಅದರ ಮೇಲೆ ಲೈಟು, ಎಲ್ಲದರ ತುದಿಗೆ ಬಿದಿರುಕೋಲು ಹಿಡಿದ ಒಬ್ಬ ಹುಡುಗ. ದಾರಿಗೆ ಅಡ್ಡ ಬಂದ ಕರೆಂಟು ತಂತಿ ಎತ್ತುವ ಕೆಲಸ ಅವನದು. ಈ ಗೋಪುರದಲ್ಲಿ ಯಾವುದಕ್ಕೆ ವಿಮೆಯಿಲ್ಲ ಎಂದು ಕೇಳಬೇಡಿ, ಯಾವುದಕ್ಕಿದೆ ಎಂದು ಕೇಳಿ; ಬೇಗ ಮುಗಿಯುತ್ತದೆ. ಟ್ರ್ಯಾಕ್ಟರಿಗಿದೆ. ಅದೂ ಮೋಟಾರು ವಾಹನ ಕಾಯ್ದೆ ಥರ್ಡ್ ಪಾರ್ಟಿ ವಿಮೆಯನ್ನು ಕಡ್ಡಾಯ ಮಾಡಿರುವ ಕಾರಣಕ್ಕೆ. ಏನಾದರೂ ಅನಾಹುತವಾದರೆ ಕಂಪನಿಯವರು ಕೇಳುವ ಮೊದಲ ಪ್ರಶ್ನೆ: ‘ಆಗ ಹೊಲ ಉಳುತ್ತಿದ್ದಿರಾ?’

ಡಿಜೆ ಅಣ್ಣನಿಗೆ ವಿಮೆಯ ಗಾಳಿ ಸೋಕಿಲ್ಲವೆಂದಲ್ಲ. ಸಾಲ ಮಾಡಿ ತಂದ ಸೆಟಪ್. ಕಂತು ತೀರುವವರೆಗೆ ಅದಕ್ಕೇನೂ ಆಗಬಾರದು. ಏಜೆಂಟರನ್ನು ಕರೆಸಿ ಕೂರಿಸಿಕೊಂಡು ಕೇಳುತ್ತಾನೆ.

‘ಸಾರ್, ಆಂಪ್ ಸುಟ್ಟುಹೋದ್ರೆ?’

‘ಬೆಂಕಿ ಬಿದ್ದು ಸುಟ್ರೆ ಕೊಡ್ತೀವಿ. ವೋಲ್ಟೇಜ್ ಏರಿಳಿದು ತಾನಾಗೇ ಸುಟ್ರೆ ಅದು ಬೇರೆ ಪಾಲಿಸಿ.’

‘ಯಾರಾದ್ರೂ ಕದ್ರೆ?’

‘ಬೀಗ ಒಡೆದ ಗುರುತು ಬೇಕು.’

‘ಕಲ್ಯಾಣ ಮಂಟಪದ ಬಾಗಿಲು ತೆರೆದೇ ಇರುತ್ತಲ್ಲ ಸಾರ್?’

‘ಕಳ್ಳನಿಗೆ ಹೇಳಿ, ಒಡೆದೇ ಬರಲಿ.’

‘ಮದುಮಗನ ಫ್ರೆಂಡು ಮಿಕ್ಸರ್ ಮೇಲೆ ಬಿಯರ್ ಸುರಿದ್ರೆ?’

‘ಅದಕ್ಕೆ ಆಲ್ ರಿಸ್ಕ್ ಪಾಲಿಸಿ ಇದೆ.’

‘ಅದರಲ್ಲಿ ಎಲ್ಲಾ ರಿಸ್ಕೂ ಬರುತ್ತಾ?’

‘ಹೆಸರು ಹಾಗಿದೆ.’

ಮಾತುಕತೆ ಇಲ್ಲಿಗೆ ಮುಗಿಯುತ್ತದೆ. ಪೆಟ್ಟಿಗೆಗೆ ಏನಾದೀತು ಎಂಬುದೆಲ್ಲ ಚರ್ಚೆಯಾಯಿತು. ಪೆಟ್ಟಿಗೆಯಿಂದ ಇನ್ನೊಬ್ಬರಿಗೆ ಏನಾದೀತು ಎಂದು ಅಣ್ಣನೂ ಕೇಳಲಿಲ್ಲ, ಏಜೆಂಟರೂ ಹೇಳಲಿಲ್ಲ. ಬೇಸ್ ಪೆಟ್ಟಿಗೆ ಕುಣಿಯುವವನ ಬೆನ್ನ ಮೇಲೆ ಉರುಳಿದರೆ? ಜನರೇಟರ್ ವೈರಿನಿಂದ ಮಗುವಿಗೆ ಶಾಕ್ ಹೊಡೆದರೆ? ಬ್ರಿಟನ್ನಿನಲ್ಲಿ ಮದುವೆ ಹಾಲಿನವರು ಡಿಜೆಯನ್ನು ಒಳಗೆ ಬಿಡುವ ಮೊದಲು ಇಂಥದ್ದಕ್ಕೆಲ್ಲ ಹೊಣೆಗಾರಿಕೆ ವಿಮೆಯ ಪ್ರಮಾಣಪತ್ರ ಕೇಳುವುದುಂಟು, ವೈರು ಪ್ಲಗ್ಗುಗಳನ್ನು ಪರೀಕ್ಷೆ ಮಾಡಿಸಿದ ಚೀಟಿಯನ್ನೂ. ನಮ್ಮ ಕಲ್ಯಾಣ ಮಂಟಪದವರದೂ ಕಟ್ಟುನಿಟ್ಟೇ: ಗೋಡೆಗೆ ಟೇಪ್ ಅಂಟಿಸಬಾರದು.

ನಮ್ಮಲ್ಲಿ ಕಾನೂನಿಲ್ಲವೇ? ಇದೆ. ಭೋಪಾಲ್ ದುರಂತದ ನಂತರ, 1991ರಲ್ಲಿ, ಸಾರ್ವಜನಿಕ ಹೊಣೆಗಾರಿಕೆ ವಿಮಾ ಕಾಯ್ದೆ ಬಂತು. ಅದು ಅಪಾಯಕಾರಿ ರಾಸಾಯನಿಕ ಇಟ್ಟುಕೊಂಡವರಿಗೆ. ಬೇಸ್ ಅದರ ಪಟ್ಟಿಯಲ್ಲಿಲ್ಲ. ಮೆರವಣಿಗೆಯ ದಾರಿಯಲ್ಲಿ ಮನೆಯಿರುವ ಹೃದ್ರೋಗಿಗಳು ಬೇಕಾದರೆ ಪಟ್ಟಿಯ ತಿದ್ದುಪಡಿಗೆ ಅರ್ಜಿ ಹಾಕಿಕೊಳ್ಳಬಹುದು.

ಆದರೆ ನಮ್ಮದೇ ಒಂದು ಪಾಲಿಸಿ ಇದೆ, ಹೆಸರು ಮುಚ್ಚಳಿಕೆ ಪತ್ರ. ಪೊಲೀಸ್ ಠಾಣೆಯಲ್ಲಿ ಸಿಗುತ್ತದೆ, ಪ್ರೀಮಿಯಂ ಒಂದು ಸಹಿ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದಂತೆ ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ 45 ಎಂದು ಸಮಿತಿ ಅಧ್ಯಕ್ಷರು ಒಪ್ಪಿ ಬರೆದುಕೊಡುತ್ತಾರೆ. ಐವತ್ತೈದು ಅಂದರೆ ಇಬ್ಬರು ಕೂತು ಹರಟುವಷ್ಟು ಸದ್ದು. ಸಹಿ ಹಾಕಿದ ಸಂಜೆಯೇ ಪೆಟ್ಟಿಗೆ ಗುಡುಗುತ್ತದೆ, ಅಧ್ಯಕ್ಷರು ಟ್ರ್ಯಾಕ್ಟರ್ ಮುಂದೆ ಕುಣಿಯುತ್ತಾರೆ, ಪೊಲೀಸರು ಹಿಂದೆ ನಡೆಯುತ್ತಾರೆ. ಕ್ಲೇಮೇ ಇಲ್ಲದ ವಿಮೆ ಇದೊಂದೇ ಇರಬೇಕು.

ಇನ್ನು ಅಣ್ಣನ ಕಿವಿ. ಅಪಘಾತದಲ್ಲಿ ಒಮ್ಮೆಗೇ ಕಿವುಡಾದರೆ ಹಣ ಕೊಡುವ ಪಾಲಿಸಿಗಳಿವೆ. ಪ್ರತಿ ಸೀಸನ್ನಿಗೆ ಇಷ್ಟಿಷ್ಟೆಂದು ಕಂತಿನಲ್ಲಿ ಕಿವುಡಾಗುವವನಿಗೆ ಅದರಿಂದ ಬಿಡಿಗಾಸೂ ಇಲ್ಲ. ಪೆಟ್ಟಿಗೆ ಹೊರುವ ಹುಡುಗರ ಮಾತು ಎತ್ತುವುದೇ ಬೇಡ. ಅವರಿಗೆ ದಿನಗೂಲಿ, ರಾತ್ರಿ ಊಟ. ಬಿದಿರುಕೋಲಿನ ಹುಡುಗನಿಗೆ ಒಂದು ಟೀ ಶರ್ಟು ಹೆಚ್ಚಿಗೆ, ಬೆನ್ನ ಮೇಲೆ ಸಮಿತಿಯ ಹೆಸರು.

ಅಧ್ಯಕ್ಷರೇ, ಮುಂದಿನ ಭಾದ್ರಪದಕ್ಕೆ ಡಿಜೆಗೆ ಅಡ್ವಾನ್ಸ್ ಕೊಡುವಾಗ ಎಷ್ಟು ಬೇಸ್, ಎಷ್ಟು ಟಾಪ್ ಎಂದು ಎಣಿಸಿದ ಮೇಲೆ ಹೊಣೆಗಾರಿಕೆ ಪಾಲಿಸಿಯ ಜೆರಾಕ್ಸ್ ಒಂದನ್ನೂ ಕೇಳಿ. ಅದು ಕಷ್ಟವಾದರೆ ಚಂದಾ ರಸೀದಿಯ ಹಿಂಬದಿಯಲ್ಲಿ ಒಂದು ಸಾಲು ಅಚ್ಚು ಹಾಕಿಸಿ: ‘ಭಕ್ತಾದಿಗಳು ತಮ್ಮ ತಲೆಯನ್ನು ತಾವೇ ಕಾದುಕೊಳ್ಳತಕ್ಕದ್ದು.’