ಹಸಿರು ಕೇಕಿಗೆ ಮೂರು ತಾಲೂಕು

ಊರು ಬಿಟ್ಟು ದೂರ ಹೋದಷ್ಟೂ ಮನುಷ್ಯನ ಮನಸ್ಸು ವಿಶಾಲವಾಗುತ್ತದೆ ಎನ್ನುತ್ತಾರೆ. ದಕ್ಷಿಣ ಕನ್ನಡದವರನ್ನು ನೋಡದೆ ಹೇಳಿದ ಮಾತು ಅದು. ಬೆಂಗಳೂರಿನಲ್ಲಿ ಇರುವಷ್ಟು ದಿನ ಇವರೆಲ್ಲ ಒಟ್ಟಾಗಿ ‘ಮಂಗಳೂರಿನವರು’. ಟೋಕಿಯೋದಲ್ಲಿ ವಿಮಾನ ಇಳಿದದ್ದೇ ತಡ, ಒಬ್ಬರು ಬಂಟ್ವಾಳ, ಒಬ್ಬರು ಬೆಳ್ತಂಗಡಿ, ಮೇಲಿನ ಮಹಡಿಯವರು ಮೂಡುಬಿದಿರೆ. ಜಪಾನಿನವರಿಗೆ ನಾವೆಲ್ಲ ಒಂದೇ ಇಂಡಿಯಾದವರು. ನಮ್ಮ ಅಡುಗೆಮನೆಯಲ್ಲಿ ಮಾತ್ರ ತಾಲೂಕು ಪಂಚಾಯತ್ ಸಭೆ. ಇನ್ನೂ ದೂರ ಹೋಗಿ ಅಮೆರಿಕ ಸೇರಿದ್ದರೆ ಗ್ರಾಮ, ವಾರ್ಡು ಎಂದು ಇಳಿಯುತ್ತಿದ್ದರೋ ಏನೋ.

ನಾನು ಈ ಮೂರರಲ್ಲಿ ಯಾವುದಕ್ಕೂ ಸೇರಿದವಳಲ್ಲ. ಚಾರ್ಮಾಡಿ ಘಾಟಿ ಹತ್ತಿದ ಮೇಲೆ ಸಿಗುವ ಮೂಡಿಗೆರೆ ಕಡೆಯವಳು. ಅವರ ಭಾಷೆಯಲ್ಲಿ ‘ಘಟ್ಟದವಳು’. ಕಾಫಿ ತೋಟದಲ್ಲಿ ಬೆಳೆದವಳಿಗೆ ಚಹಾದ ಬಗ್ಗೆ ಬಾಯಿ ಬಿಡುವ ಹಕ್ಕಿಲ್ಲ ಎಂಬುದು ಮದುವೆಯಾದ ಹೊಸತರಲ್ಲೇ ಇತ್ಯರ್ಥವಾಗಿತ್ತು. ಇತ್ಯರ್ಥ ಮಾಡಿದವರು ನನ್ನ ಅತ್ತೆ. ಅವರದು ಬಂಟ್ವಾಳ ತಾಲೂಕು, ಅದರಲ್ಲೂ ಕಲ್ಲಡ್ಕದ ಮಗ್ಗುಲು. ಕಲ್ಲಡ್ಕದಲ್ಲಿ ಕೆ.ಟಿ. ಎಂಬ ಚಹಾ ಉಂಟು. ಗಾಜಿನ ಲೋಟದ ಅಡಿಯಲ್ಲಿ ಸಕ್ಕರೆ ಹಾಕಿದ ಹಾಲು, ಮೇಲೆ ಕೆಂಪು ಡಿಕಾಕ್ಷನ್, ನಡುವೆ ಸರ್ವೆಯವರು ಅಳೆದು ಹಾಕಿದ ಗಡಿ. ಸಕ್ಕರೆ ಕರಗಿದ ಹಾಲು ಭಾರ, ಡಿಕಾಕ್ಷನ್ ಹಗುರ. ಮೆಲ್ಲಗೆ ಹೊಯ್ದರೆ ಒಂದರೊಳಗೆ ಒಂದು ಇಳಿಯುವುದಿಲ್ಲ. ಮಂಗಳೂರು–ಬೆಂಗಳೂರು ಹೆದ್ದಾರಿಯಲ್ಲಿ ಹೋಗುವವರು ಬಸ್ಸು, ಕಾರು ನಿಲ್ಲಿಸಿ ಇದನ್ನು ಕುಡಿಯುತ್ತಾರೆ. ಕುಡಿಯುವುದಕ್ಕೆ ಮೊದಲು ಲೋಟವನ್ನು ಬೆಳಕಿಗೆ ಹಿಡಿದು ನೋಡುತ್ತಾರೆ. ಹೀಗಿರುವಾಗ ಚಹಾದಲ್ಲಿ ಕೇಕು ಮಾಡುತ್ತೇನೆಂದು ಘಟ್ಟದವಳು ಹೊರಟರೆ ಬಂಟ್ವಾಳ ಸುಮ್ಮನೆ ಕೂರುತ್ತದೆಯೇ?

ಚಹಾ ಹುಡಿ ಮನೆಗೆ ಬಂದ ದಾರಿ ಮರ್ಯಾದೆಯದು. ದೀಪಾವಳಿಗೆ ಪಕ್ಕದ ಮನೆಯ ಜಪಾನಿ ಹೆಂಗಸಿಗೆ ಒಂದು ಡಬ್ಬ ಚಕ್ಕುಲಿ ಕೊಟ್ಟಿದ್ದೆ. ಈ ದೇಶದಲ್ಲಿ ಕೊಟ್ಟದ್ದಕ್ಕೆ ಪ್ರತಿಯಾಗಿ ಏನಾದರೂ ಕೊಡದೆ ಬಿಡುವುದಿಲ್ಲ. ಅವರು ಉಜಿ ಎಂಬ ಊರಿನ ಮಾಚಾ ಹುಡಿಯ ಪುಟ್ಟ ಡಬ್ಬಿಯನ್ನು ಎರಡು ಕೈಯಲ್ಲಿ ಹಿಡಿದು, ಬಗ್ಗಿ, ಕೊಟ್ಟು ಹೋದರು. ಅತ್ತೆಗೆ ಜಪಾನಿನಲ್ಲಿ ಮೊದಲು ಹಿಡಿಸಿದ ಸಂಗತಿ ಇದೇ. “ನಮ್ಮಲ್ಲಿಯೂ ಹಾಗೇ ಅಲ್ವಾ, ನೆರೆಮನೆಯ ಪಾತ್ರೆ ಖಾಲಿ ಕೊಡ್ಲಿಕ್ಕೆ ಉಂಟಾ? ಒಂದು ಚಮಚ ಸಕ್ಕರೆಯಾದರೂ ಹಾಕಿಯೇ ಕೊಡುವುದು,” ಎಂದರು. ಆಮೇಲೆ ಮುಚ್ಚಳ ತೆಗೆದು ಮೂಸಿದರು. “ಮದರಂಗಿಯಾ?”

ಚಹಾ ಎಂದೆ. ಹಾಗಾದರೆ ಸೋಸುವುದು ಹೇಗೆ ಎಂದು ಕೇಳಿದರು. ಸೋಸುವುದಿಲ್ಲ, ಎಲೆಯನ್ನೇ ತಿನ್ನುವುದು ಎಂದೆ. ಕೊಯ್ಲಿಗೆ ಸುಮಾರು ಮೂರು ವಾರ ಮೊದಲು ಗಿಡಗಳಿಗೆ ಚಪ್ಪರ ಹಾಕಿ ಬಿಸಿಲು ತಪ್ಪಿಸುತ್ತಾರೆ. ಬೆಳಕು ಕಡಿಮೆಯಾದಷ್ಟೂ ಎಲೆ ಹಸಿರು ಹೆಚ್ಚಿಸಿಕೊಳ್ಳುತ್ತದೆ. ಹಬೆಗೆ ಹಿಡಿದು, ಒಣಗಿಸಿ, ದಂಟು ನರ ತೆಗೆದು ಕಲ್ಲಿನಲ್ಲಿ ಬೀಸುತ್ತಾರೆ ಎಂದೆಲ್ಲ ವಿವರಿಸಿದೆ. ಬೀಸುವ ಕಲ್ಲು ಎಂದಾಗ ಅತ್ತೆಯ ಮುಖ ಅರಳಿತು. ಬಿಸಿಯಾಗಿ ಪರಿಮಳ ಹೋಗಬಾರದೆಂದು ನಿಧಾನಕ್ಕೆ ತಿರುಗಿಸುತ್ತಾರೆ, ಒಂದು ಕಲ್ಲಿನಿಂದ ಗಂಟೆಗೆ ನಲವತ್ತು ಗ್ರಾಂ ಬಂದರೆ ಹೆಚ್ಚು ಎಂದಾಗ ಬಾಡಿತು. “ಗಂಟೆಗೆ ನಲವತ್ತು ಗ್ರಾಮಾ? ನಮ್ಮ ಕಾಲದಲ್ಲಿ ಅಂಥ ಸೊಸೆ ಬಂದಿದ್ದರೆ ಮರುದಿನವೇ ತವರಿಗೆ ಬಸ್ಸು ಹತ್ತಿಸ್ತಿದ್ದರು.”

ಡಿಸೆಂಬರಿನಲ್ಲಿ ಮಗಳ ಹುಟ್ಟುಹಬ್ಬ. ಗೆಳತಿಯರ ಮನೆಯಲ್ಲಿ ಕಂಡ ಮಾಚಾ ಸ್ಪಾಂಜ್ ಕೇಕೇ ಬೇಕೆಂದು ಅವಳ ಹಟ. ಸುದ್ದಿ ಅಂದೇ ವಾಟ್ಸ್ಯಾಪಿನಲ್ಲಿ ಬೆಳ್ತಂಗಡಿಗೆ ಮುಟ್ಟಿತು. ಅಲ್ಲಿ ನನ್ನ ಗಂಡನ ಚಿಕ್ಕಪ್ಪ ಇದ್ದಾರೆ. ಅಡಕೆ ತೋಟ, ನಡುವೆ ಕೊಕ್ಕೋ, ಮರಕ್ಕೆ ಒಳ್ಳೆಮೆಣಸು. ಮನೆಯೊಳಗೆ ನೆಟ್‌ವರ್ಕ್ ಸಿಗದ್ದರಿಂದ ಅವರು ಮಾತಾಡುವುದು ಗುಡ್ಡ ಹತ್ತಿಯೇ. ಹಾಗಾಗಿ ವಿಡಿಯೋ ಕರೆಯಲ್ಲಿ ಚಿಕ್ಕಪ್ಪನ ಅರ್ಧ ಮುಖ, ಗಡಾಯಿಕಲ್ಲು ಪೂರ್ತಿ. ಟಿಪ್ಪು ಸುಲ್ತಾನ್ ಕೋಟೆ ಕಟ್ಟಿಸಿ ಜಮಲಾಬಾದ್ ಎಂದು ಹೆಸರಿಟ್ಟ ಆ ಬಂಡೆಯನ್ನು ನನ್ನ ಮಗಳು ಬಹಳ ದಿನ ಚಿಕ್ಕಜ್ಜನ ತಲೆಯ ಭಾಗವೆಂದೇ ತಿಳಿದಿದ್ದಳು.

ಹಸಿರು ಹುಡಿಯನ್ನು ಫೋನಿಗೆ ಹಿಡಿದು ತೋರಿಸಿದೆ. ಚಿಕ್ಕಪ್ಪ ಹತ್ತಿರ ಬಂದು ಕಣ್ಣು ಕಿರಿದು ಮಾಡಿದರು. “ಎಂತದು ಮಾರಾಯ್ರೆ, ಕೇಕಿಗೂ ಮೈಲುತುತ್ತು ಬಿಡ್ತೀರಾ?” ಕೊಳೆರೋಗ ಬಾರದಂತೆ ಮಳೆಗಾಲದಲ್ಲಿ ಅಡಕೆ ಗೊನೆಗೆ ಬೋರ್ಡೋ ದ್ರಾವಣ ಸಿಂಪಡಿಸುವವರು ಅವರು, ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ನಮ್ಮ ಕೇಕಿನ ಅಳತೆಯನ್ನೂ ಅದೇ ಗಾಂಭೀರ್ಯದಿಂದ ಕೇಳಿಸಿಕೊಂಡರು. ನಾಲ್ಕು ಮೊಟ್ಟೆ, ನೂರಿಪ್ಪತ್ತು ಗ್ರಾಂ ಸಕ್ಕರೆ, ನೂರು ಗ್ರಾಂ ಮೈದಾ, ಹತ್ತು ಗ್ರಾಂ ಮಾಚಾ, ಸ್ವಲ್ಪ ಬೆಣ್ಣೆ. ನೆರಳಿನ ಬೆಳೆ ಎಂದಾಗ ಒಪ್ಪಿದರು, ನೆರಳು ತಿಳಿದವನೇ ಕೃಷಿಕ ಎಂದರು. ಆದರೆ ಒಳಗೊಂದು ನೋವು ಇತ್ತು. “ನಾವು ಕೊಕ್ಕೋ ಬೆಳೆದು ಕ್ಯಾಂಪ್ಕೋಗೆ ಕೊಡುವುದು. ಪುತ್ತೂರಿನಲ್ಲಿ 1986ರಿಂದ ಚಾಕಲೇಟ್ ಫ್ಯಾಕ್ಟರಿ ಉಂಟು. ನಮ್ಮದೇ ಮನೆಯ ಮೊಮ್ಮಗಳ ಕೇಕಿಗೆ ಸೊಪ್ಪು!” ಇಷ್ಟರಲ್ಲಿ ಅಂಗಳದಲ್ಲಿ ಒಣಗಿಸಿದ ಅಡಕೆಯ ಕಡೆ ಮಂಗಗಳು ಇಳಿದವು. ಅಂದಿನ ಚರ್ಚೆ ಅಲ್ಲಿಗೇ ಮುಗಿಯಿತು.

ಮೂಡುಬಿದಿರೆಯದು ಬೇರೆಯೇ ಬಗೆಯ ಸಂಕಟ. ಮೇಲಿನ ಮಹಡಿಯವರ ಅಜ್ಜಿಯೂ ನಮ್ಮ ಅತ್ತೆಯ ಹಾಗೆ ತೊಂಬತ್ತು ದಿನದ ವೀಸಾದಲ್ಲಿ ಬಂದವರು. ಇಡೀ ಕಟ್ಟಡದಲ್ಲಿ ಅತ್ತೆಯ ಜೊತೆ ತುಳುವಿನಲ್ಲಿ ಮಾತಾಡಲು ಇದ್ದ ಒಂದೇ ಜೀವ. ಅವರನ್ನು ಕರೆಯದೆ ಹುಟ್ಟುಹಬ್ಬ ಆಗುವ ಹಾಗಿಲ್ಲ. ಕರೆದರೆ ತಿನ್ನಿಸುವುದೇನು? ಅಜ್ಜಿ ಕಟ್ಟಾ ಜೈನರು. ಮೊಟ್ಟೆ ಇಲ್ಲ. ಮೊಟ್ಟೆ ತಾಗಿದ ಪಾತ್ರೆಯೂ ಇಲ್ಲ. ಪೋರ್ಚುಗೀಸರ ಕಾಲದಿಂದ ನಾಗಸಾಕಿಯಲ್ಲಿ ಹೆಸರಾದ ಕಸ್ತೆಲಾ ಕೇಕನ್ನು ಅಂಗಡಿಯಿಂದ ತರೋಣವೆಂದರೆ ಅದರಲ್ಲಿ ಮೊಟ್ಟೆಯ ಜೊತೆಗೆ ಅನೇಕ ಕಡೆ ಜೇನೂ ಇರುತ್ತದೆ, ಜೇನು ಮುಟ್ಟುವುದಿಲ್ಲ. ಉದ್ದು ಅರೆದು ರಾತ್ರಿ ಹುಳಿ ಬರಿಸಿದ ಹಿಟ್ಟಾದರೆ? ನಿನ್ನೆಯದು ಇವತ್ತು ಆಗುವುದಿಲ್ಲ.

ಎಲ್ಲಕ್ಕಿಂತ ದೊಡ್ಡ ಅಡ್ಡಿ ಸೂರ್ಯ. ಅಜ್ಜಿ ಸೂರ್ಯ ಮುಳುಗಿದ ಮೇಲೆ ಹನಿ ನೀರಿನ ಹೊರತು ಏನೂ ತೆಗೆದುಕೊಳ್ಳರು. ಮೂಡುಬಿದಿರೆಯ ಸೂರ್ಯ ಡಿಸೆಂಬರಿನಲ್ಲೂ ಆರು ಗಂಟೆಯವರೆಗೆ ಮರ್ಯಾದೆಯಿಂದ ಕಾಯುತ್ತಾನೆ. ಟೋಕಿಯೋದ ಸೂರ್ಯ ಡಿಸೆಂಬರ್ ಮೊದಲ ವಾರ ನಾಲ್ಕೂವರೆಗೂ ನಿಲ್ಲುವುದಿಲ್ಲ. 4 ಗಂಟೆ 28 ನಿಮಿಷಕ್ಕೆ ಆಫೀಸು ಮುಚ್ಚಿ ಹೊರಡುತ್ತಾನೆ. ಬಂದ ಹೊಸದರಲ್ಲಿ ಅಜ್ಜಿ ಮಧ್ಯಾಹ್ನದ ಊಟದ ಕೈ ಒಣಗುವ ಮೊದಲೇ ರಾತ್ರಿಯ ಊಟಕ್ಕೆ ಕೂರುತ್ತಿದ್ದರಂತೆ.

ಸ್ಪಾಂಜ್ ಕೇಕಿನ ಮರ್ಮವೇ ಮೊಟ್ಟೆ. ಸಕ್ಕರೆ ಸೇರಿಸಿ ಬಡಿಯುತ್ತ ಹೋದರೆ ಅದರೊಳಗೆ ಗಾಳಿ ಸೇರಿ ಮೂರು ಪಟ್ಟು ಉಬ್ಬುತ್ತದೆ. ಆ ನೊರೆಯೇ ಕೇಕನ್ನು ಎತ್ತಿ ಹಿಡಿಯುವುದು. ಎರಡು ಕೇಕು ಮಾಡುವುದೆಂದಾಯಿತು. ಆದರೆ ನಮ್ಮ ಓವನ್ನು ಜಪಾನಿ ಫ್ಲಾಟಿನ ಓವನ್ನು. ಮೈಕ್ರೋವೇವೂ ಅದೇ, ಓವನ್ನೂ ಅದೇ, ಒಂದು ಸಲಕ್ಕೆ ಒಂದೇ ತಟ್ಟೆ. ಮೊಟ್ಟೆ ಹಾಕದ್ದನ್ನು ಮೊಸರು, ಸೋಡಾದಲ್ಲಿ ಉಬ್ಬಿಸೋಣವೆಂದು ನನ್ನ ಗಂಡ ಸೂಚಿಸಿದರು. ಬನ್ಸ್, ಗೋಳಿಬಜೆ ತಿಂದು ಬೆಳೆದವರಿಗೆ ಅದು ಸಹಜ. ಅತ್ತೆ ತಲೆ ಅಲ್ಲಾಡಿಸಿದರು: “ಹುಳಿ ಹಾಕಿದರೆ ಸೊಪ್ಪಿನ ಬಣ್ಣ ಹೋಗ್ತದೆ.” ಗಂಡ ಫೋನಿನಲ್ಲಿ ಹುಡುಕಿ ನೋಡಿದರು. ಹುಳಿ ತಾಗಿದರೆ ಕ್ಲೋರೋಫಿಲ್‌ನ ನಡುವೆ ಕೂತ ಮೆಗ್ನೀಷಿಯಂ ಜಾಗ ಬಿಡುತ್ತದೆ, ಹಸಿರು ಕಂದಾಗುತ್ತದೆ, ಬಿಸಿ ಸೇರಿದರೆ ಇನ್ನೂ ಬೇಗ ಎಂದು ಅಲ್ಲಿ ಬರೆದಿತ್ತು. ಅದನ್ನು ಅವರು ಗಟ್ಟಿಯಾಗಿ ಓದಿ ಹೇಳಿದರು. “ನಾನು ಬೇರೆ ಎಂತ ಹೇಳಿದ್ದು?” ಎಂದರು ಅತ್ತೆ.

ಆಮೇಲೆ ಅಡುಗೆಮನೆ ಅವರ ಕೈಗೆ ಹೋಯಿತು. ಊರಿನಿಂದ ಸೂಟ್‌ಕೇಸಿನಲ್ಲಿ ಬಟ್ಟೆ ಸುತ್ತಿ ತಂದಿದ್ದ ಇಡ್ಲಿ ಪಾತ್ರೆ ಹೊರಬಂತು. ಮೊಟ್ಟೆಯ ಮುಖ ನೋಡದ ಪಾತ್ರೆ. ಮೂಡೆ, ಕೊಟ್ಟಿಗೆ, ಪತ್ರೊಡೆ, ಅರಶಿನ ಎಲೆಯ ಗಟ್ಟಿ ಎಂದು ಬದುಕಿಡೀ ಹಬೆಯಲ್ಲಿ ಬೇಯಿಸಿದವರಿಗೆ ಓವನ್ನಿನ ಹಂಗೇನು? ಮೈದಾ, ಸಕ್ಕರೆ, ಹಾಲು, ಎಣ್ಣೆ, ಬೇಕಿಂಗ್ ಪೌಡರು, ಮಾಚಾ. ಗಂಡ ಗ್ರಾಂ ಲೆಕ್ಕ ಹೇಳಿದರೆ ಅತ್ತೆ ಅದನ್ನು ಕುಡ್ತೆಗೆ ಇಳಿಸಿಕೊಂಡರು. ಜಪಾನಿನವರೂ ಹೀಗೆ ಹಬೆಯಲ್ಲಿ ಕೇಕು ಮಾಡುತ್ತಾರೆ, ಮುಶಿಪಾನ್ ಎನ್ನುತ್ತಾರೆ ಎಂದು ಮಗಳು ಹೇಳಿದಳು. “ಅವರಿಗೂ ಗೊತ್ತುಂಟಲ್ಲ, ಪಾಪ,” ಎಂದು ಅತ್ತೆ ಒಂದು ರಾಷ್ಟ್ರಕ್ಕೆ ಪ್ರಮಾಣಪತ್ರ ಕೊಟ್ಟರು.

ಹುಟ್ಟುಹಬ್ಬದ ದಿನ ಅಜ್ಜಿ ಮೂರೂಮುಕ್ಕಾಲಿಗೇ ಇಳಿದು ಬಂದು ಕಿಟಕಿಯ ಕಡೆ ಮುಖ ಮಾಡಿ ಕೂತರು. ಓವನ್ನಿನಲ್ಲಿ 170 ಡಿಗ್ರಿಗೆ ಮೊಟ್ಟೆಯ ಕೇಕು. ಒಲೆಯ ಮೇಲೆ ಹಬೆಯ ಕೇಕು. ಅಜ್ಜಿಯ ಒಂದು ಕಣ್ಣು ಸೂರ್ಯನ ಮೇಲೆ, ಇನ್ನೊಂದು ಇಡ್ಲಿ ಪಾತ್ರೆಯ ಮೇಲೆ. “ಬೇಕಿಂಗ್ ಪೌಡರು ಅಂದ್ರೆ ಯಾವ ಪ್ರಾಣಿಯದ್ದು?” ಎಂದು ವಿಚಾರಿಸಿದರು. ಯಾವ ಪ್ರಾಣಿಯದ್ದೂ ಅಲ್ಲ ಎಂದು ಗಂಡ ಡಬ್ಬಿಯ ಮೇಲಿನ ಜಪಾನಿ ಅಕ್ಷರಗಳಿಗೆ ಫೋನು ಹಿಡಿದು ಓದಿಸಿ ಸಾಕ್ಷ್ಯ ನುಡಿದರು. ನಾಲ್ಕೂ ಹತ್ತಕ್ಕೆ ಮುಚ್ಚಳ ತೆಗೆದರೆ ಒಳಗೆ ಅಚ್ಚ ಹಸಿರು. ಒಣ ಬಿಸಿಯ ಕಾಟವಿಲ್ಲದ ಹಬೆಯಲ್ಲಿ ಎಲ್ಲೂ ಕಂದು ಹಿಡಿದಿರಲಿಲ್ಲ. ಅತ್ತೆ ಬೀಸಣಿಗೆಯಲ್ಲಿ ಗಾಳಿ ಹಾಕಿದರು. ಕಾಯಿಸಬೇಡ, ಹಾಡು ಆಮೇಲೆ ಹಾಡು ಎಂದು ಮಗಳಿಗೆ ಆಜ್ಞೆಯಾಯಿತು. ಹ್ಯಾಪಿ ಬರ್ತ್‌ಡೇಗೆ ಮೊದಲೇ, ಮೇಣದಬತ್ತಿಯಿಲ್ಲದೆ, ಹುಟ್ಟುಹಬ್ಬದವಳ ಬದಲು ಎಂಬತ್ತು ದಾಟಿದ ಅಜ್ಜಿಯ ಬಾಯಿಗೆ ಮೊದಲ ತುಂಡು ಬಿತ್ತು. ಜಪಾನಿ ಹುಡುಗಿಯರು ಇದೇ ಭಾರತದ ಪದ್ಧತಿ ಎಂದು ತಿಳಿದು ಚಪ್ಪಾಳೆ ತಟ್ಟಿದರು.

“ಒಳ್ಳೆದುಂಟು. ಹಲಸಿನ ಎಲೆಯಲ್ಲಿ ಕಟ್ಟಿದ್ದರೆ ಇನ್ನೂ ಒಳ್ಳೆದಿತ್ತು,” ಎಂದರು ಅಜ್ಜಿ.

ಅಷ್ಟರಲ್ಲಿ ಓವನ್ನಿನದೂ ಹೊರಬಂತು. ನಡುವೆ ಬೋಳಾಗಿ ಗಡಾಯಿಕಲ್ಲಿನ ಹಾಗೆ ಎದ್ದು ನಿಂತಿತ್ತು. ಫೋನಿನಲ್ಲಿದ್ದ ಚಿಕ್ಕಪ್ಪ ಅದನ್ನು ಬೆಳ್ತಂಗಡಿ ತಾಲೂಕಿಗೆ ಸಂದ ಗೌರವವೆಂದು ಕೂಡಲೇ ಸ್ವೀಕರಿಸಿದರು. ಕತ್ತರಿಸಿದಾಗ ಮೇಲೆ ಕಂದು, ಕೆಳಗೆ ಹಸಿರು, ನಡುವೆ ಸ್ಪಷ್ಟ ಗೆರೆ. ಅತ್ತೆ ತುಂಡನ್ನು ಬೆಳಕಿಗೆ ಹಿಡಿದು ನೋಡಿದರು. “ಕೆ.ಟಿ.ಯೇ ಇದು!” ಹೀಗೆ ಬಂಟ್ವಾಳಕ್ಕೂ ಪಾಲು ಸಿಕ್ಕಿತು. ಪಾಲಿಗಾಗಿ ವಾದ ಬೆಳೆಯಿತು. ಮೂಡುಬಿದಿರೆ ಮಂಗಳೂರು ತಾಲೂಕಿನಿಂದ ಬಿಡಿಸಿಕೊಂಡು ಸ್ವಂತ ತಾಲೂಕಾದದ್ದು ಮೊನ್ನೆ ಮೊನ್ನೆ ಎಂದು ಚಿಕ್ಕಪ್ಪ ಚುಚ್ಚಿದರು. ಸಾವಿರ ಕಂಬದ ಬಸದಿ ಕಟ್ಟಿದ್ದು 1430ರಲ್ಲಿ, ಆಗ ನಿಮ್ಮ ತಾಲೂಕು ಆಫೀಸು ಎಲ್ಲಿತ್ತು ಎಂದು ಅಜ್ಜಿ ಕೇಳಿದರು. ವೇಣೂರಿನ ಗೊಮ್ಮಟ 1604ರದು, ಅದು ನಮ್ಮ ಬೆಳ್ತಂಗಡಿಯಲ್ಲೇ ಉಂಟಲ್ಲ ಎಂದರು ಚಿಕ್ಕಪ್ಪ. ಗೊಮ್ಮಟನೂ ನಮ್ಮವನೇ ಎಂದರು ಅಜ್ಜಿ. ಅತ್ತೆ ತಮ್ಮ ತಾಲೂಕಿನ ಪೊಳಲಿ ಜಾತ್ರೆಯ ಚೆಂಡನ್ನು ಅಂಗಣಕ್ಕೆ ಇಳಿಸಿದರು. ಕೇಕಿನ ಬಗ್ಗೆ ಮಾತಾಡುತ್ತಿದ್ದವರು ಜಪಾನಿ ಮಕ್ಕಳು ಮಾತ್ರ.

ರುಚಿಯ ವಿಷಯಕ್ಕೆ ಬಂದಾಗ ಮಾತ್ರ ಮೂರು ತಾಲೂಕೂ ಒಂದಾದವು. ಕೇಕಿನಲ್ಲಿ ಮಾಚಾದ ಸಣ್ಣ ಕಹಿ ಉಳಿದಿತ್ತು. ಅದನ್ನು ಯಾರೂ ದೋಷವೆನ್ನಲಿಲ್ಲ. ಆಟಿ ಅಮಾವಾಸ್ಯೆಯ ದಿನ ಬೆಳಕು ಹರಿಯುವ ಮೊದಲು ಹೋಗಿ, ಕಬ್ಬಿಣ ತಾಗಿಸದೆ ಕಲ್ಲಿನಿಂದ ಜಜ್ಜಿ ತಂದ ಹಾಲೆ ಮರದ ಕೆತ್ತೆಯ ಕಷಾಯವನ್ನು ಬೆಳಿಗ್ಗೆ ಖಾಲಿ ಹೊಟ್ಟೆಗೆ ಕುಡಿದು ಬೆಳೆದ ನಾಲಗೆಗಳು ಅವು. ಉಜಿಯ ಕಹಿ ಅವುಗಳಿಗೆ ಮಕ್ಕಳಾಟ. ಕಹಿ ಉಂಟೆಂದರೆ ಮದ್ದು. ಮದ್ದೆಂದರೆ ಒಳ್ಳೆಯದು. ಯಾವುದಕ್ಕೆ ಒಳ್ಳೆಯದು ಎಂಬಲ್ಲಿ ಸ್ವಲ್ಪ ಭಿನ್ನಮತ: ಅತ್ತೆಗೆ ಮಂಡಿನೋವಿಗೆ, ಅಜ್ಜಿಗೆ ಪಿತ್ತಕ್ಕೆ, ಚಿಕ್ಕಪ್ಪನಿಗೆ ಶುಗರಿಗೆ. ಕೇಕಿನಲ್ಲಿದ್ದ ನೂರಿಪ್ಪತ್ತು ಗ್ರಾಂ ಸಕ್ಕರೆಯನ್ನು ನಾನು ನೆನಪಿಸಿದೆ. “ಅದು ಬೇರೆ,” ಎಂದರು.

ಮದ್ದೆಂದು ಘೋಷಣೆಯಾದ ಮೇಲೆ ಡಬ್ಬಿ ಕೇಕಿನ ಕಪಾಟಿನಿಂದ ದೇವರ ಮೂಲೆಯ ಪಕ್ಕಕ್ಕೆ ಬಡ್ತಿ ಪಡೆಯಿತು. ಎರಡು ದಿನ ಬಿಟ್ಟು ಮಧ್ಯಾಹ್ನ ಊಟಕ್ಕೆ ಕೂತರೆ ಎದುರಿಗೆ ತೆಳು ಹಸಿರು ಬಣ್ಣದ ತಂಬುಳಿ. ತೆಂಗಿನಕಾಯಿ, ಜೀರಿಗೆ, ಒಳ್ಳೆಮೆಣಸು ಅರೆದು ಮಜ್ಜಿಗೆ ಸೇರಿಸಿದ್ದು. ಒಂದೆಲಗ ಇಲ್ಲಿ ಎಲ್ಲಿ ಸಿಕ್ಕಿತು ಎಂದೆ. “ಒಂದೆಲಗ ಅಲ್ಲ, ನಿನ್ನ ಚಾ ಹುಡಿ,” ಎಂದರು ಅತ್ತೆ. ಮೂರು ವಾರ ನೆರಳಿನಲ್ಲಿ ಸಾಕಿ, ಗಂಟೆಗೆ ನಲವತ್ತು ಗ್ರಾಮಿನಂತೆ ಬೀಸಿ, ಎರಡು ಕೈಯಲ್ಲಿ ಬಗ್ಗಿ ಕೊಟ್ಟ ಹುಡಿಗೆ ಮೇಲಿಂದ ಸಾಸಿವೆ, ಒಣಮೆಣಸಿನ ಒಗ್ಗರಣೆ ಬಿದ್ದಿತ್ತು.

ಹುಳಿ ತಾಗಿದರೆ ಬಣ್ಣ ಹೋಗುತ್ತದೆ ಎಂದವರು ನೀವೇ ಅಲ್ಲವೇ ಎಂದು ಕೇಳಿದೆ. “ಬೇಯಿಸಿದರೆ ಹೋಗುವುದು. ತಂಬುಳಿಯನ್ನು ಯಾರಾದರೂ ಬೇಯಿಸ್ತಾರಾ? ಘಟ್ಟದವರಿಗೆ ಎಷ್ಟು ಹೇಳಿದರೂ ಅಷ್ಟೇ,” ಎಂದರು. ನನ್ನ ಗಂಡ ತಲೆ ಎತ್ತದೆ ಮೂರನೆಯ ಸಲ ಅನ್ನ ಹಾಕಿಸಿಕೊಂಡರು. ನಾನೂ ಹಾಕಿಸಿಕೊಂಡೆ. ಸಂಜೆ ಪಕ್ಕದ ಮನೆಯ ಹೆಂಗಸು ಬಾಗಿಲಲ್ಲಿ ಸಿಕ್ಕಿ, ಮಾಚಾ ಹೇಗಿತ್ತು, ಹೇಗೆ ಕುಡಿದಿರಿ ಎಂದು ವಿನಯದಿಂದ ವಿಚಾರಿಸಿದರು. ನಾನು ಮಾತು ಹುಡುಕುವಷ್ಟರಲ್ಲಿ ಅತ್ತೆ ಒಳಗಿನಿಂದ ಒಂದು ಲೋಟ ಹಿಡಿದು ಹೊರಟಾಗಿತ್ತು.