ಮಿದುಳಿಗೊಬ್ಬ ಮಾರಿಯೊ

ನಮ್ಮ ಪಾರ್ಕಿನ ನಿವೃತ್ತರ ಗುಂಪಿನಲ್ಲಿ ಮಂಡಿನೋವಿನ ಮಾತು ಹಳತಾಗಿ ಈಗ ಮರೆವಿನ ಮಾತು ಶುರುವಾಗಿದೆ. ಒಬ್ಬರು ಸುಡೊಕು ಅಂತಾರೆ, ಇನ್ನೊಬ್ಬರು ಒಂದೆಲಗದ ಚಟ್ನಿ ಅಂತಾರೆ. ಮೂರನೆಯವರು ಏನೋ ಹೇಳಲು ಬಾಯಿ ತೆರೆದು, ಏನೆಂದು ನೆನಪಾಗದೆ ಮುಚ್ಚಿಕೊಳ್ಳುತ್ತಾರೆ. ನಾನು ವಿಡಿಯೊ ಗೇಮಿನ ಪಕ್ಷ.

ನನ್ನ ಹತ್ತಿರ ಪುರಾವೆಯಿದೆ. ಕೆನಡಾದ ಮಾಂಟ್ರಿಯಲ್‌ನಲ್ಲಿ 55ರಿಂದ 75ರ ವಯಸ್ಸಿನ 33 ಜನರನ್ನು ಮೂರು ಪಂಗಡ ಮಾಡಿದರು. ಒಂದಕ್ಕೆ ‘ಸೂಪರ್ ಮಾರಿಯೊ 64’, ಇನ್ನೊಂದಕ್ಕೆ ಪಿಯಾನೊ ಪಾಠ, ಉಳಿದವರು ಅವರ ಪಾಡಿಗೆ. ದಿನಕ್ಕೆ 30 ನಿಮಿಷ, ವಾರಕ್ಕೆ 5 ದಿನ, 6 ತಿಂಗಳು. ಮಾರಿಯೊ ಆಡಿದವರ ಹಿಪೊಕ್ಯಾಂಪಸ್‌ನಲ್ಲಿ, ಅದೇ ನೆನಪು ಮತ್ತು ದಾರಿಯ ಲೆಕ್ಕ ಇಡುವ ಭಾಗದಲ್ಲಿ, ಬೂದು ದ್ರವ್ಯ ಹೆಚ್ಚಿತಂತೆ. ಫಲಿತಾಂಶ ಪ್ರಕಟವಾದದ್ದು 2017ರಲ್ಲಿ. 33 ಜನ ಅಂದರೆ ನಮ್ಮಲ್ಲಿ ಒಂದು ನಾಮಕರಣಕ್ಕೂ ಸಾಲದ ಪಂಕ್ತಿ, ನಿಜ. ಆದರೂ ಹೆಂಡತಿಯ ಮುಂದೆ ಹಿಡಿಯಲು ಸಾಕು.

1996ರ ಈ ಆಟ ಮೊಮ್ಮಗಳ ‘ಸ್ವಿಚ್’ ಎಂಬ ಗೇಮ್ ಯಂತ್ರದಲ್ಲಿ ಸಿಕ್ಕಿತು. ಕಥೆ ಸರಳ. ‘ಕೇಕ್ ಮಾಡಿದ್ದೇನೆ, ಅರಮನೆಗೆ ಬಾ’ ಎಂದು ರಾಜಕುಮಾರಿ ಪೀಚ್ ಕಾಗದ ಬರೆಯುತ್ತಾಳೆ. ದಪ್ಪ ಮೀಸೆಯ ಪ್ಲಂಬರ್ ಮಾರಿಯೊ ಹೋಗಿ ನೋಡಿದರೆ ಅವಳನ್ನು ಬೌಸರ್ ಎಂಬ ದುಷ್ಟ ಸೆರೆಹಿಡಿದಿದ್ದಾನೆ. ಅವಳನ್ನು ಬಿಡಿಸಲು ಗೋಡೆಯ ಚಿತ್ರಪಟಗಳೊಳಕ್ಕೆ ಹಾರಿ ನಕ್ಷತ್ರ ಹುಡುಕಬೇಕು. ಒಟ್ಟು 120 ಇವೆ. ಯಾವ ಪಟ ಯಾವ ಕೋಣೆಯಲ್ಲಿ, ಯಾವ ಬಾಗಿಲು ಯಾವಾಗ ತೆರೆಯುತ್ತದೆ ಎಂಬ ನಕ್ಷೆ ತಲೆಯಲ್ಲೇ ಬಿಡಿಸಿಕೊಳ್ಳಬೇಕು. ಮಿದುಳಿಗೆ ಕಸರತ್ತು ಆಗುವುದು ಇಲ್ಲೇ ಇರಬೇಕು.

ಬೆರಳುಗಳ ಕಸರತ್ತು ಬೇರೆ. ಎಡ ಹೆಬ್ಬೆರಳು ಓಡಿಸಬೇಕು, ಬಲ ಹೆಬ್ಬೆರಳು ಹಾರಿಸಬೇಕು, ನಡುವೆ ಕ್ಯಾಮೆರಾವನ್ನೂ ತಿರುಗಿಸುತ್ತಿರಬೇಕು. ನನ್ನ ಮಾರಿಯೊ ಗೋಡೆಗೆ ಮೂಗು ಒತ್ತಿಕೊಂಡು ಓಡುತ್ತಲೇ ಇರುತ್ತಾನೆ. “ತಾತಾ, ಕ್ಯಾಮೆರಾ ತಿರುಗ್ಸು! ನೀನ್ಯಾಕೆ ತಿರುಗ್ತಿದೀಯ?” ಅಂತಾಳೆ ಮೊಮ್ಮಗಳು. ಅವನು ಹಾರಿದಾಗ ನಾನೂ ಸೋಫಾದಿಂದ ಅರ್ಧ ಮೇಲೇಳುತ್ತೇನೆ. ಇದರಿಂದ ತೊಡೆಗಳಿಗೂ ಒಳ್ಳೆಯದು. ಮಾಂಟ್ರಿಯಲ್‌ನವರು ಅದನ್ನು ಅಳೆದಂತಿಲ್ಲ.

ಮಾರಿಯೊನಲ್ಲಿ ನನಗೆ ಮೆಚ್ಚುಗೆಯಾದ ಗುಣವೊಂದಿದೆ. ಆಡುವವರು ಸುಮ್ಮನಾದರೆ ಅವನು ಕೂತಲ್ಲೇ ತೂಕಡಿಸಿ, ಆಮೇಲೆ ಅಡ್ಡಾಗಿ ಗೊರಕೆ ಹೊಡೆಯುತ್ತಾನೆ. ಮಧ್ಯಾಹ್ನದ ಊಟವಾದ ಮೇಲೆ ನಾವಿಬ್ಬರೂ ಹೀಗೆಯೇ. ಒಮ್ಮೆ ಕಾಫಿ ತಂದ ಹೆಂಡತಿ, “ನಿಮ್ಮಿಬ್ಬರಲ್ಲಿ ಯಾರು ಯಾರಿಗೆ ವ್ಯಾಯಾಮ ಮಾಡಿಸ್ತಿದೀರಿ?” ಎಂದಳು.

ಈಗ ಪೀಚಳ ಅರಮನೆಯಲ್ಲಿ ಕಣ್ಣುಕಟ್ಟಿ ಬಿಟ್ಟರೂ ಓಡಾಡುತ್ತೇನೆ. ಮಾಲ್‌ನ ನೆಲಮಾಳಿಗೆಯಲ್ಲಿ ಕಾರು ಎಲ್ಲಿ ನಿಲ್ಲಿಸಿದ್ದೆ ಎಂಬುದು ಮಾತ್ರ ಇವತ್ತಿಗೂ ಹೊಳೆಯದು. ಆಟದ ಚುರುಕು ಆಟದಾಚೆಗೆ ದಾಟುತ್ತದೆಯೇ ಎಂಬುದೇ ವಿದ್ವಾಂಸರ ಜಗಳ. ವಯಸ್ಸಿನ ಮರೆವು ತಡೆಯುತ್ತೇವೆಂದು ಆಧಾರವಿಲ್ಲದೆ ಜಾಹೀರಾತು ಕೊಟ್ಟ ಆರೋಪಕ್ಕೆ ‘ಲುಮಾಸಿಟಿ’ ಎಂಬ ಮಿದುಳಿನ ಆಟಗಳ ಕಂಪನಿಯವರು 2016ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್‌ಗೆ 20 ಲಕ್ಷ ಡಾಲರ್ ತೆರಲು ಒಪ್ಪಿಕೊಂಡರು. ಈ ಸುದ್ದಿಯನ್ನು ನಾನು ಮನೆಯಲ್ಲಿ ಹೇಳಿಲ್ಲ.

ಹೆಂಡತಿಯ ತಕರಾರು ಬೇರೆಯೇ. “ಊಟಕ್ಕೆ ಕರೆದವರು ಮನೇಲಿಲ್ಲ ಅಂದ್ರೆ ವಾಪಸ್ ಬರೋದಲ್ವೇನ್ರೀ? ಕೇಕಿಗೋಸ್ಕರ ಇಷ್ಟು ಒದ್ದಾಟವೇ?”

ಆಟ ಮುಗಿಸಿದರೆ ಕೇಕ್ ಸಿಕ್ಕೇ ಸಿಗುತ್ತದೆ ಎಂದೆ.

“ಸಿಕ್ಕರೆ ಮೊಮ್ಮಗಳಿಗೆ ಕೊಡಿ. ನಿಮಗೆ ಶುಗರ್ ಇದೆ.”